ನಾದಿನಿಯ ಹಿಂದಿನ ಸಾಲಿನಲ್ಲಿ

ಭಾನುವಾರ, ಮಾರ್ಚ್ ಹದಿನೈದು, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಇವತ್ತು ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ ಯಾರದೋ ಮದುವೆ. ಅದಕ್ಕೆ ನಮ್ಮ ಕರಾಟೆ ಕ್ಲಾಸಿಗೆ ರಜೆ. ಅದಕ್ಕೆ ನನಗೆ ಬರೆಯಲು ಪುರಸೊತ್ತು. ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ, ಚಹಾಕ್ಕೆ ನೀರಿಟ್ಟು ಬಂದಿದ್ದೇನೆ. ಅದು ಕುದಿಯುವುದರೊಳಗೆ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು. ಸುಮ್ಮನೆ ಬಾಯಿಮಾತಿಗೆ ಹೇಳುವ ಹೊಟ್ಟೆಕಿಚ್ಚಲ್ಲ, ತಾರೀಖು ಹಾಕಿ ಬರೆದಿಟ್ಟದ್ದು. ನಾನು ಗಮನಿಸಿದ ಹಾಗೆ ಈ ಕಿಚ್ಚು ದೂರದವರ ಮೇಲೆ ಹುಟ್ಟುವುದೇ ಇಲ್ಲ. ಟಿವಿಯಲ್ಲಿ ಯಾವುದೋ ದೇಶದ ಹುಡುಗಿ ಚಿನ್ನದ ಪದಕ ಕಚ್ಚಿಕೊಂಡು ನಿಂತರೆ ನಾನು ಮನಸಾರೆ ಚಪ್ಪಾಳೆ ಹೊಡೆಯುತ್ತೇನೆ. ನಮ್ಮ ಹಿತ್ತಲಿನ ತಂತಿಯ ಮೇಲೆ ನಾನು ಮಡಿಕೆ ಬೀಳದ ಹಾಗೆ ಒಣಹಾಕಿದ ಹಳದಿ ಬೆಲ್ಟಿನ ಪಕ್ಕಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ತನ್ನ ಕಿತ್ತಳೆ ಬೆಲ್ಟನ್ನು ಮುದ್ದೆ ಮಾಡಿ ಎಸೆದು ಹೋಗುತ್ತಿದ್ದಳಲ್ಲ, ಅವಳ ಮೇಲೆ ಹುಟ್ಟುತ್ತದೆ. ಅವಳು ಕೊಟ್ರಮ್ಮ. ನನ್ನ ಗಂಡನ ತಂಗಿ. ವಯಸ್ಸು ಇಪ್ಪತ್ತೊಂದು. ಮನೆಯಲ್ಲಿ ಎಲ್ಲರಿಗೂ ಕೊಟ್ರಿ.

ನಾನು ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಹಾಜರಿ ಪುಸ್ತಕ ಬರೆಯುವುದು ನನ್ನ ಉದ್ಯೋಗವೂ ಹೌದು, ಸ್ವಭಾವವೂ ಹೌದು. ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಅತ್ತೆಯವರು ದಿನಕ್ಕೆ ಎಷ್ಟು ಸಲ 'ನಮ್ಮ ಕಾಲದಾಗ' ಎನ್ನುತ್ತಾರೆ ಎಂದು ಲೆಕ್ಕ ಇಟ್ಟಿದ್ದೆ. ಸರಾಸರಿ ಏಳು. ಇಂಥವಳಿಗೆ ಕರಾಟೆ ಹೇಗೆ ಅಂಟಿಕೊಂಡಿತು ಎಂದರೆ, ಹೋದ ವರ್ಷ ಫೆಬ್ರವರಿ ಹದಿನೆಂಟರಂದು ನಮ್ಮ ಕಾಲೇಜಿಗೆ ಒಬ್ಬರು ಮಹಿಳಾ ಪೊಲೀಸ್ ಬಂದು ಹುಡುಗಿಯರಿಗೆ ಆತ್ಮರಕ್ಷಣೆಯ ಪಾಠ ಮಾಡಿದರು. ಯಾರಾದರೂ ಮುಂದೆ ಬನ್ನಿ ಎಂದಾಗ ಹುಡುಗಿಯರು ಯಾರೂ ಏಳಲಿಲ್ಲ. ಪ್ರಾಂಶುಪಾಲರು ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ಪೆನ್ನು ಜೇಬಿಗಿಟ್ಟು ಮುಂದೆ ಹೋದೆ. ಎರಡು ಸೆಕೆಂಡಿಗೆ ನೆಲದ ಮೇಲಿದ್ದೆ. ನೋವಾಗಲಿಲ್ಲ, ಆಶ್ಚರ್ಯವಾಯಿತು. ಆಕೆ ನನಗಿಂತ ಒಂದು ಗೇಣು ಗಿಡ್ಡ. ಅಲ್ಲಿಯ ತನಕ ಶಕ್ತಿ ಎಂದರೆ ಮೈಕಟ್ಟು ಎಂದುಕೊಂಡಿದ್ದವಳಿಗೆ ಅದು ಹೆಜ್ಜೆ ಇಡುವ ಕ್ರಮ ಎಂದು ಗೊತ್ತಾಯಿತು. ಕ್ರಮ ಎಂದ ಮೇಲೆ ಅದು ನನ್ನದೇ ಇಲಾಖೆ.

ಮರುದಿನವೇ ಒಂದು ಹೊಸ ರಿಜಿಸ್ಟರ್ ತೆಗೆದು, ಎಲ್ಲಿ, ಯಾರ ಹತ್ತಿರ, ಹೇಗೆ ಕಲಿಯುವುದು ಎಂದು ಕಾಲಂ ಹಾಕಿದೆ. ಜನ ಏನಾದರೂ ಕಲಿಯಬೇಕೆಂದರೆ ಹೋಗಿ ಸೇರಿಕೊಳ್ಳುತ್ತಾರೆ. ನಾನು ಹಾಗಲ್ಲ. ಕೂಡ್ಲಿಗಿಗೆ ಹೋದೆ. ಅಲ್ಲಿ ಒಂದು ಗರಡಿಮನೆ ಇದೆ ಎಂದು ಕೇಳಿದ್ದೆ. ಬಾಗಿಲಲ್ಲಿ ಕೂತಿದ್ದ ಮುದುಕ ಉಸ್ತಾದರು ನನ್ನ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿ, "ಯವ್ವಾ, ಇಲ್ಲಿ ಹೆಣ್ಮಕ್ಕಳು ಮಣ್ಣಿಗಿ ಇಳಿಯಂಗಿಲ್ಲ. ಬಿಸಲಾಗ ಬಂದೀದಿ, ಮಜ್ಜಿಗಿ ಕುಡದು ಹೋಗು" ಎಂದರು. ಮಜ್ಜಿಗೆ ಚೆನ್ನಾಗಿತ್ತು, ಷರಾ ಕಾಲಂನಲ್ಲಿ ಬರೆದುಕೊಂಡೆ. ಹಡಗಲಿಯಲ್ಲಿ ಒಬ್ಬರು ಕೋಲು ತಿರುಗಿಸುವುದನ್ನು ಕಲಿಸುತ್ತಿದ್ದರು. ಮೆರವಣಿಗೆಗೆ ಮಾತ್ರವಂತೆ, ಯಾರಿಗೂ ತಾಗಬಾರದು ಎನ್ನುವುದೇ ಅವರ ವಿದ್ಯೆಯ ಗುಟ್ಟು. ಹರಪನಹಳ್ಳಿಯ ಮಾಸ್ತರರು ಬರೀ ಕಾಲಿನಿಂದ ಹೊಡೆಯುವ ಇನ್ನೊಂದು ಪದ್ಧತಿಯವರು, ತಮ್ಮ ತಲೆಗಿಂತ ಎತ್ತರದಲ್ಲಿದ್ದ ಟ್ಯೂಬ್‌ಲೈಟನ್ನು ಪಾದದಿಂದ ಮುಟ್ಟಿ ತೋರಿಸಿದರು, ಆದರೆ ಅಲ್ಲಿಂದ ಕೊನೆಯ ಬಸ್ಸು ನನಗೆ ಹೊಂದಲಿಲ್ಲ. ನಡುವೆ ಮೊಬೈಲ್ ನೋಡಿ ಮನೆಯಲ್ಲೇ ಹತ್ತೊಂಬತ್ತು ದಿನ ಕಲಿತೆ. ಇಪ್ಪತ್ತನೆಯ ದಿನ ಗೋಡೆಯ ಕ್ಯಾಲೆಂಡರಿಗೆ ಒದೆಯಲು ಹೋಗಿ ಅದರ ಕೆಳಗಿದ್ದ ಮಿಕ್ಸರ್‌ಗೆ ಒದ್ದೆ. ನಮ್ಮವರು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವುದರಿಂದ ಮಿಕ್ಸರ್ ಬದುಕಿತು. "ನಾಳಿಂದ ನಾ ಮನಿಗೆ ಬರೋ ಮುಂದ ಹೆಲ್ಮೆಟ್ ತಗೀದಂಗ ಒಳಗ ಬರ್ತೀನಿ" ಎಂದರು.

ಕಾಲಂಗಳೆಲ್ಲ ತುಂಬುವಾಗ ಜೂನ್ ಬಂತು. ನೂರಹದಿನೇಳು ದಿನ. ಅಷ್ಟರಲ್ಲಿ ಅತ್ತೆಯವರು ಒಂದು ಷರತ್ತು ಹಾಕಿದರು. "ಕಲಿ, ಬ್ಯಾಡ ಅನ್ನಂಗಿಲ್ಲ ರತ್ನವ್ವ. ಆದ್ರ ಒಬ್ಬಾಕೀನ ಹೋಗಬ್ಯಾಡ. ಕೊಟ್ರಿನ್ನ ಜೋಡಿ ಕರಕೊಂಡು ಹೋಗು. ಮನ್ಯಾಗ ಮೊಬೈಲ್ ಒತ್ತಿಕೋತ ಬಿದ್ದಿರ್ತಾಳ." ಕೊಟ್ರಿಯನ್ನು ಕೂರಿಸಿಕೊಂಡು ರಿಜಿಸ್ಟರಿನ ಹದಿನಾಲ್ಕು ಪುಟ ಓದಿ ಹೇಳಿದೆ. ಅವಳು ನಡುವೆ ಎರಡು ಸಲ ಆಕಳಿಸಿದಳು. ಕೊನೆಗೆ, "ಅತ್ತಿಗಿ, ಕೊಟ್ಟೂರಾಗ ಮಿರ್ಚಿ ಚೊಲೋ ಮಾಡ್ತಾರ. ಅಲ್ಲೇ ಎಲ್ಲೆರ ಐತೇನ್ರಿ?" ಎಂದಳು. ಇತ್ತು. ಒಂದು ಹಳೆಯ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಶನಿವಾರ ಸಂಜೆ, ಭಾನುವಾರ ಬೆಳಗ್ಗೆ. ನನ್ನ ರಿಜಿಸ್ಟರಿನಲ್ಲಿ ಅದಕ್ಕೆ ಮೂರನೆಯ ಸ್ಥಾನ. ಮಂಡಕ್ಕಿ ಮಿರ್ಚಿಯ ಕಾಲಂ ನಾನು ಹಾಕಿರಲೇ ಇಲ್ಲ. ಜೂನ್ ಹದಿನೈದರ ಭಾನುವಾರ ಇಬ್ಬರೂ ಸೇರಿದೆವು. ಮಾಸ್ತರ್ ಒಳ್ಳೆಯವರು, ಜಾಗ ಒಳ್ಳೆಯದು, ಬಸ್ಸು ಸಲೀಸು. ಅವಳ ಆಯ್ಕೆಯೇ ಸರಿಯಾಗಿತ್ತು. ನನ್ನ ಡೈರಿಯಲ್ಲಿ ಹೊಟ್ಟೆಕಿಚ್ಚಿನ ಮೊದಲ ನಮೂದು ಅಂದಿನದೇ, ಅದೂ ಕರಾಟೆ ಶುರುವಾಗುವ ಮೊದಲು, ಮಿರ್ಚಿ ಅಂಗಡಿಯ ಮುಂದೆ ನಿಂತಾಗ.

ಊಟದ ಹಾಲಿನಲ್ಲಿ ಕರಾಟೆ ಕಲಿಯುವುದು ಹೇಗಿರುತ್ತದೆಂದು ತಿಳಿಯದವರಿಗೆ ಹೇಳುತ್ತೇನೆ. ಮದುವೆಯ ಮರುದಿನ ಹೋದರೆ ಅಂಗಾಲಿಗೆ ಅಕ್ಷತೆ ಅಂಟುತ್ತದೆ. ಗಾಳಿಯಲ್ಲಿ ಸಾರಿನ ಒಗ್ಗರಣೆ ವಾಸನೆ ಇರುತ್ತದೆ, ಹತ್ತು ಗುದ್ದು ಗುದ್ದುವುದರೊಳಗೆ ಹಸಿವಾಗುತ್ತದೆ. ಮುಹೂರ್ತ ಇದ್ದ ದಿನ ಕ್ಲಾಸೇ ಇಲ್ಲ. ಆ ರಜೆಗಳನ್ನು ನಾನು ಬೇರೆ ಕಾಲಂನಲ್ಲಿ ಬರೆಯುತ್ತೇನೆ, ಇಲ್ಲಿಯವರೆಗೆ ಹತ್ತೊಂಬತ್ತು. ಒಂದು ಗೋಡೆಯ ಮೇಲೆ ಮಂಟಪ ಕಟ್ಟಿಸಿದ ದಾನಿಗಳ ದೊಡ್ಡ ಫೋಟೊ, ಎದುರಿಗೆ ಅಡುಗೆಮನೆಯ ಬಾಗಿಲು, ಎಡಕ್ಕೆ ಕೈ ತೊಳೆಯುವ ನಲ್ಲಿಗಳ ಸಾಲು, ಬಲಕ್ಕೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಈ ನಾಲ್ಕನ್ನು ನೆನಪಿಟ್ಟುಕೊಳ್ಳಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ನಾನಂತೂ ಇವನ್ನು ಈ ಜನ್ಮದಲ್ಲಿ ಮರೆಯುವ ಹಾಗಿಲ್ಲ.

ಕರಾಟೆಯಲ್ಲಿ ಕಟಾ ಎಂದು ಒಂದಿದೆ. ಎದುರಾಳಿ ಇರುವುದಿಲ್ಲ. ಇದ್ದಾನೆ ಎಂದುಕೊಂಡು ಗಾಳಿಯಲ್ಲಿ ಒಬ್ಬರೇ ಹೊಡೆದಾಡಬೇಕು. ಎಲ್ಲಿ ತಿರುಗಬೇಕು, ಯಾವ ಕಾಲು ಮುಂದಿಡಬೇಕು, ಎಷ್ಟನೆಯ ಹೆಜ್ಜೆಗೆ ಕೂಗಬೇಕು ಎಲ್ಲಕ್ಕೂ ನಿಯಮವಿದೆ. ನಮ್ಮ ಕಟಾದಲ್ಲಿ ಇಪ್ಪತ್ತು ಹೆಜ್ಜೆ. ಎದುರಿಗೆ ಮನುಷ್ಯ ಇಲ್ಲದ ಜಗಳ ನನಗೆ ಬಹಳ ಹಿಡಿಸಿತು. ಮೊದಲ ವಾರವೇ ಇಪ್ಪತ್ತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು, ಕುರ್ಚಿ ಕಡೆ ತಡೆ. ಐದು, ದಾನಿಗಳ ಕಡೆ ತಿರುಗಿ ಗುದ್ದು. ಒಂಬತ್ತು, ನಲ್ಲಿ. ಹದಿಮೂರು, ಅಡುಗೆಮನೆ. ಬೆಳಗ್ಗೆ ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ, ಕಾಲೇಜಿನಲ್ಲಿ ರಸೀದಿ ಹರಿಯುವಾಗ ಇದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಇನ್ನೊಂದು ಕಡೆ, ಇಬ್ಬರು ಎದುರುಬದುರಾಗಿ ನಿಂತು ಆಡುವ ಕಾಳಗ. ಕೊಟ್ರಿಗೆ ಅದು ನೀರು ಕುಡಿದಷ್ಟು ಸುಲಭ. ಅವಳು ಏನನ್ನೂ ಬರೆದುಕೊಳ್ಳುವುದಿಲ್ಲ. ಗೊತ್ತಿಲ್ಲದ್ದನ್ನು ಅಲ್ಲಿದ್ದ ಯಾರ ಹತ್ತಿರವಾದರೂ ಹೋಗಿ, "ಏ, ಅದ ಹೆಂಗ ಮಾಡಿದಿ? ಇನ್ನೊಮ್ಮಿ ಮಾಡು" ಎಂದು ಕೇಳುತ್ತಾಳೆ. ಅವರು ಮಾಡಿದ್ದನ್ನು ತಕ್ಷಣ ಅವರ ಮೇಲೆಯೇ ಮಾಡುತ್ತಾಳೆ. ಒಂದು ದಿನ ಬೆಲ್ಟು ಮರೆತು ಬಂದು ದುಪಟ್ಟಾ ಸುತ್ತಿಕೊಂಡಿದ್ದಳು. ಮೂರು ಮಿರ್ಚಿ ತಿಂದು ಬಂದು ತೇಗುತ್ತಲೇ ಒದೆಯುತ್ತಾಳೆ. ಆ ಒದೆತ ಎಷ್ಟು ಚೆಂದ ಇರುತ್ತದೆಂದರೆ ನನಗೆ ನೋಡಲಾಗುವುದಿಲ್ಲ, ನೋಡದೆ ಇರಲೂ ಆಗುವುದಿಲ್ಲ.

ಕೂಗಿನದು ಬೇರೆ ಕಥೆ. ಹೊಡೆಯುವಾಗ ಹೊಟ್ಟೆಯಾಳದಿಂದ ಕೂಗಬೇಕು. ಮನೆಯಲ್ಲಿ ಅಭ್ಯಾಸ ಮಾಡುವಾಗ ಅತ್ತೆಯವರಿಗೆ ಎಚ್ಚರವಾಗಬಾರದೆಂದು ನಾನು ಸಣ್ಣಗೆ ಕೂಗಿ ಕೂಗಿ, ಆ ಕೂಗು ಪಕ್ಕದ ಮನೆಗೆ ಉಪ್ಪು ಕೇಳಲು ಹೋದವಳ ದನಿಯಷ್ಟಕ್ಕೇ ನಿಂತುಬಿಟ್ಟಿದೆ. ಕೊಟ್ರಿ ಮೊದಲ ಸಲ ಕೂಗಿದಾಗ ಅಡುಗೆಮನೆಯಿಂದ ಕಾವಲುಗಾರ ಓಡಿ ಬಂದು, "ಏನ್ ಬಿತ್ತು?" ಎಂದು ಕೇಳಿದ್ದ.

ಸೆಪ್ಟೆಂಬರ್ ಇಪ್ಪತ್ತೊಂದರಂದು ಇಬ್ಬರಿಗೂ ಹಳದಿ ಬೆಲ್ಟು ಸಿಕ್ಕಿತು. ಅಲ್ಲಿಯವರೆಗೆ ಎಲ್ಲ ತಡೆದುಕೊಳ್ಳುವ ಹಾಗಿತ್ತು. ಡಿಸೆಂಬರಿನ ಪರೀಕ್ಷೆಗೆ ಹೆಸರು ಬರೆದುಕೊಳ್ಳುವಾಗ ಮಾಸ್ತರ್ ಕೊಟ್ರಿಯ ಹೆಸರು ಬರೆದು ಪೆನ್ನಿಗೆ ಮುಚ್ಚಳ ಹಾಕಿದರು. ನಾನು ಕೆಮ್ಮಿದೆ. "ಅಕ್ಕಾರ, ನಿಮ್ಮ ಕಟಾ ಭಾಳ ಚೊಲೋ ಐತ್ರಿ," ಎಂದರು, "ಆದ್ರ ಎದುರಿಗೆ ಮನುಷ್ಯಾ ಬಂದ್ರ ನೀವು ಅವನ ಹೆಜ್ಜಿ ಎಣಿಸ್ಕೋತ ನಿಲ್ತೀರಿ. ಎಣಿಸೋದು ಬಿಡ್ರಿ, ಒದೀರಿ. ನೀವು ಮುಂದಿನ ಸಲ ಕೂಡ್ರಿ." ನಿಜ. ಎದುರಾಳಿ ಹತ್ತರಲ್ಲಿ ಎಷ್ಟು ಸಲ ಬಲಗಾಲು ಎತ್ತುತ್ತಾನೆ ಎಂದು ಲೆಕ್ಕ ಹಾಕುತ್ತ ನಿಂತಿರುತ್ತೇನೆ, ಲೆಕ್ಕ ಮುಗಿಯುವುದರೊಳಗೆ ಒದೆ ಬಿದ್ದಿರುತ್ತದೆ. ಡಿಸೆಂಬರ್ ಹದಿನಾಲ್ಕಕ್ಕೆ ಕೊಟ್ರಿಗೆ ಕಿತ್ತಳೆ ಬೆಲ್ಟು ಬಂತು. ಅಂದಿನಿಂದ ಅವಳು ಮುಂದಿನ ಸಾಲು, ನಾನು ಹಿಂದಿನ ಸಾಲು.

ಇದರಲ್ಲಿ ಏನು ದೊಡ್ಡದು ಎನ್ನಬಹುದು. ನಮ್ಮ ಕ್ಲಾಸಿನಲ್ಲಿ ಒಂದು ಕಟ್ಟುಪಾಡಿದೆ. ಶುರುವಾಗುವ ಮೊದಲು ಹಿಂದಿನ ಸಾಲಿನವರು ಮುಂದಿನ ಸಾಲಿನವರಿಗೆ ಸೊಂಟ ಬಗ್ಗಿಸಿ ವಂದನೆ ಮಾಡಬೇಕು. ಮುಗಿದ ಮೇಲೆ ಚಾಪೆ ಸುತ್ತಿ ಇಡುವುದು ಹಿಂದಿನ ಸಾಲಿನವರು. ಮುಂದಿನವರನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಸೀನಿಯರ್ ಎನ್ನಬೇಕು. ಮನೆಯಲ್ಲಿ ಹಬ್ಬದ ದಿನ ನನ್ನ ಕಾಲಿಗೆ ನಮಸ್ಕಾರ ಮಾಡುವ ಹುಡುಗಿಗೆ ನಾನು ಶನಿವಾರ ಒಂದು ಸಲ, ಭಾನುವಾರ ಒಂದು ಸಲ ಬಗ್ಗಬೇಕು. ಅವಳಾದರೂ ಗಂಭೀರವಾಗಿ ಸ್ವೀಕರಿಸಿದ್ದರೆ ಆಗುತ್ತಿತ್ತು. ಮೊದಲ ದಿನ ನಾನು ಬಗ್ಗಿದಾಗ, "ಸುಖವಾಗಿ ಬಾಳವ್ವ" ಎಂದು ಅತ್ತೆಯವರ ದನಿಯಲ್ಲಿ ಆಶೀರ್ವಾದ ಮಾಡಿದಳು. ಇಡೀ ಸಾಲು ನಕ್ಕಿತು. ಫೆಬ್ರವರಿ ಕೊನೆಗೆ ನನ್ನ ವಂದನೆಗಳ ಮೊತ್ತ ಹದಿನಾಲ್ಕು. ಚಾಪೆ ಸುತ್ತಿದ್ದೂ ಅಷ್ಟೇ. ಮಾರ್ಚ್ ಎಂಟಕ್ಕೆ ಮುಂದಿನ ಪರೀಕ್ಷೆ ಎಂದು ಗೊತ್ತಾದಾಗ ನಾನು ಡೈರಿಯಲ್ಲಿ ಎರಡು ಆಸೆ ಬರೆದೆ. ಒಂದು, ನನಗೆ ಕಿತ್ತಳೆ ಬೆಲ್ಟು ಸಿಗಬೇಕು. ಎರಡನೆಯದನ್ನು ಬರೆದು ಹೊಡೆದುಹಾಕಿದೆ, ಆದರೆ ಹೊಡೆದದ್ದರ ಕೆಳಗೆ ಈಗಲೂ ಓದಬಹುದು. ಕೊಟ್ರಿಗೆ ಕಿತ್ತಳೆಯ ಮುಂದಿನ ಹಸಿರು ಬೆಲ್ಟು ಸಿಗಬಾರದು. ಅವಳಿಗೆ ಪೆಟ್ಟಾಗಬಾರದು, ಬೇಜಾರೂ ಆಗಬಾರದು, ಸುಮ್ಮನೆ ಸಿಗಬಾರದು. ಆಗ ಇಬ್ಬರೂ ಒಂದೇ ಸಾಲಿಗೆ ಬರುತ್ತೇವೆ.

ಪರೀಕ್ಷೆ ಈ ಸಲ ಹರಪನಹಳ್ಳಿಯ ಒಂದು ಶಾಲೆಯ ಬಯಲಿನಲ್ಲಿ. ಪರೀಕ್ಷಕರು ದಾವಣಗೆರೆ ಕಡೆಯವರು, ಬಿಳಿ ಟೋಪಿ ಹಾಕಿಕೊಂಡು ಮೇಜಿನ ಹಿಂದೆ ಕೂತಿದ್ದರು. ನಾವು ಮುಟ್ಟುವಾಗ ಒಂಬತ್ತೂವರೆ. ಬೆಲ್ಟಿನ ಬಣ್ಣದ ಪ್ರಕಾರ ಸಾಲು ಮಾಡಿ ನಿಲ್ಲಿಸಿದರು. ತಮ್ಮ ಸರದಿ ಬರುವವರೆಗೆ ಯಾರೂ ಅಲುಗಾಡಬಾರದು, ಮಾತಾಡಬಾರದು, ಸಾಲು ಬಿಟ್ಟವರ ಪರೀಕ್ಷೆ ರದ್ದು ಎಂದು ಅವರು ಎರಡು ಸಲ ಹೇಳಿದರು. ಈ ಸಲ ಹಳದಿಯವರಿಗೆ ಕಟಾ ಮಾತ್ರ, ಕಾಳಗ ಇಲ್ಲ. ಹನ್ನೊಂದು ಗಂಟೆಗೆ ನನ್ನ ಹೆಸರು ಬಂತು. ಬಯಲಿನ ನಡುವೆ ಹೋಗಿ ನಿಂತು, ಬಗ್ಗಿ, ಕಟಾ ಶುರು ಮಾಡಿದೆ. ಒಂಬತ್ತು ತಿಂಗಳಲ್ಲಿ ಸಾವಿರಾರು ಸಲ ಮಾಡಿದ್ದು. ಎಂಟು ಹೆಜ್ಜೆ ತಾವಾಗಿ ಆದವು. ಎಂಟು ಮುಗಿಸಿ ತಲೆಯೊಳಗಿನ ನೋಟ್‌ಬುಕ್ಕು 'ಒಂಬತ್ತು, ನಲ್ಲಿ' ಎಂದಿತು. ನಾನು ನಲ್ಲಿಗಾಗಿ ನೋಡಿದೆ.

ನಲ್ಲಿ ಇರಲಿಲ್ಲ. ನಾಲ್ಕೂ ದಿಕ್ಕಿಗೆ ಒಂದೇ ಥರದ ಕಾಂಪೌಂಡು, ಒಂದೇ ಥರದ ಸುಣ್ಣ. ದಾನಿಗಳೂ ಇಲ್ಲ, ಕುರ್ಚಿಗಳೂ ಇಲ್ಲ. ಹಿಂದಿನ ಪರೀಕ್ಷೆ ನಮ್ಮ ಹಾಲಿನಲ್ಲೇ ಆಗಿತ್ತು, ಆದ್ದರಿಂದ ಇಂಥದ್ದೊಂದು ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಕಲಿತದ್ದು ಕರಾಟೆಯಲ್ಲ, ಆ ಊಟದ ಹಾಲು ಎಂದು ಆ ಬಿಸಿಲಿನಲ್ಲಿ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಹಿಡಿದು ನಿಂತಾಗ ಗೊತ್ತಾಯಿತು. ಎಡವೋ ಬಲವೋ ನೆನಪಾಗಲಿಲ್ಲ. ಎಡ ಬಲ ಎಂದು ನಾನು ಎಲ್ಲಿಯೂ ಬರೆದುಕೊಂಡಿರಲೇ ಇಲ್ಲ. ಪರೀಕ್ಷಕರು ಪೆನ್ನು ಎತ್ತಿದರು.

ಆಗ ಕಿತ್ತಳೆ ಬೆಲ್ಟಿನ ಸಾಲಿನಿಂದ ಯಾರೋ ಹೊರಗೆ ಬಂದರು. ಕೊಟ್ರಿ. ಸಂತೆಗೆ ಹೊರಟವಳ ಹಾಗೆ ಆರಾಮಾಗಿ ನಡೆದು ಬಂದು, ನನ್ನ ಎಡಕ್ಕೆ ಒಂದಷ್ಟು ದೂರದಲ್ಲಿ ನಿಂತು, ಎರಡೂ ಕೈ ಮುಂದೆ ಚಾಚಿ ತಿಕ್ಕಿ ತಿಕ್ಕಿ ತೊಳೆಯತೊಡಗಿದಳು. ನೀರಿಲ್ಲ, ನಲ್ಲಿಯಿಲ್ಲ, ಬರೀ ಕೈ. ಮದುವೆ ಊಟ ಮುಗಿಸಿ ಬಂದವಳ ಹಾಗೆ ಒಮ್ಮೆ ಬಾಯಿಯನ್ನೂ ಮುಕ್ಕಳಿಸಿದಳು. ನಾನು ಅವಳ ಕಡೆ ತಿರುಗಿ ಗುದ್ದಿದೆ. ಹತ್ತು, ಹನ್ನೊಂದು, ಹನ್ನೆರಡು. ಅಷ್ಟರಲ್ಲಿ ಅವಳು ನನ್ನ ಬೆನ್ನ ಹಿಂದಿನಿಂದ ಸುತ್ತಿ ಹೋಗಿ ಅಡುಗೆಮನೆಯ ಜಾಗದಲ್ಲಿ ನಿಂತು ಸೌಟು ಆಡಿಸುತ್ತಿದ್ದಳು. ಹದಿಮೂರು ಸಿಕ್ಕಿತು. ಹದಿನೇಳಕ್ಕೆ ಕುರ್ಚಿ ಬೇಕಿತ್ತು. ಅವಳು ಬಲಕ್ಕೆ ಓಡಿ ಹೋಗಿ ಮಂಡಿ ಮಡಿಸಿ ಗಾಳಿಯಲ್ಲೇ ಕೂತಳು. ಇಪ್ಪತ್ತೂ ಮುಗಿಸಿ ನಾನು ಕೂಗಿದೆ. ಜೀವನದಲ್ಲಿ ಮೊದಲ ಸಲ ದೊಡ್ಡದಾಗಿ ಬಂತು, ಗಾಬರಿಗೆ.

"ಯಾರಮ್ಮ ಅದು? ಸಾಲು ಬಿಟ್ಟು ಯಾಕೆ ಅಡ್ಡಾಡ್ತಿದ್ದೀಯ?" ಎಂದರು ಪರೀಕ್ಷಕರು.

"ಕೈ ತೊಳಕೊಳ್ಳಾಕ ಹೋಗಿದ್ದೆ ಸರ್" ಎಂದಳು ಕೊಟ್ರಿ.

"ಪರೀಕ್ಷೆ ಮಧ್ಯದಲ್ಲಾ?"

"ಮಿರ್ಚಿ ತಿಂದಿದ್ದೆ ಸರ್. ಕೈ ಜಿಡ್ಡ ಆಗಿತ್ತು."

ಬಯಲೆಲ್ಲ ನಕ್ಕಿತು. ಪರೀಕ್ಷಕರು ನಗಲಿಲ್ಲ. ಅವಳ ಹೆಸರು ಕೇಳಿ, ಪಟ್ಟಿಯಲ್ಲಿ ಹುಡುಕಿ, ಅಡ್ಡಗೆರೆ ಎಳೆದರು. "ಮೂರು ತಿಂಗಳು ಶಿಸ್ತು ಕಲ್ತು ಬಾ." ಆಮೇಲೆ ನನ್ನ ಕಡೆ ತಿರುಗಿ, "ನಡುವೆ ಒಂದು ಕಡೆ ನಿಂತ್ರಿ. ಆದರೆ ಇಷ್ಟೆಲ್ಲ ಗಲಾಟೆ ಆದ್ರೂ ಹೆಜ್ಜೆ ತಪ್ಪಲಿಲ್ಲ. ಏಕಾಗ್ರತೆ ಅಂದ್ರೆ ಇದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಸರ್, ಅವಳು ನನಗಾಗಿ ಬಂದದ್ದು ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಆಗ ಅವರು ಕಿತ್ತಳೆ ಬೆಲ್ಟನ್ನು ಕೈಗೆ ಎತ್ತಿಕೊಂಡರು. ಬಾಯಿ ಮುಚ್ಚಿದೆ. ಎಷ್ಟೋ ಸಣ್ಣಪುಟ್ಟದ್ದನ್ನು ಎಣಿಸಿಟ್ಟಿದ್ದೇನೆ, ಆ ಹೊತ್ತು ಎಷ್ಟು ಸೆಕೆಂಡು ಸುಮ್ಮನಿದ್ದೆ ಎನ್ನುವುದನ್ನು ಮಾತ್ರ ಎಣಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೊಟ್ರಿ ಕಿಟಕಿ ಪಕ್ಕ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದಳು. ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದೆ, "ಯಾಕ ಬಂದಿ?"

"ನೀವು ನಿಂತಬಿಟ್ರಲ್ರಿ ಅತ್ತಿಗಿ. ಗೊಂಬಿ ನಿಂತಂಗ."

"ನಾನು ನಲ್ಲಿ ಹುಡುಕ್ತೀನಿ ಅಂತ ನಿನಗ ಹೆಂಗ ಗೊತ್ತಾತು?"

"ದಿನಾ ಮುಂಜಾನಿ ರೊಟ್ಟಿ ಬಡಿಯೋ ಮುಂದ 'ಒಂಬತ್ತು ನಲ್ಲಿ, ಹದಿಮೂರು ಅಡಿಗಿಮನಿ' ಅಂತ ಹಾಡ್ತೀರಿ. ನನಗ ನಿಮಗಿಂತ ಚೊಲೋ ಬಾಯಿಪಾಠ ಆಗೇತಿ." ಒಂದು ಹಿಡಿ ಕಡ್ಲೆಕಾಯಿ ನನ್ನ ಕೈಗೆ ಸುರಿದಳು. "ಹಸಿರು ಬೆಲ್ಟು ಎಲ್ಲಿ ಹೊಕ್ಕೇತಿ ಬಿಡ್ರಿ, ಜೂನಿಗೆ ಬರ್ತೇತಿ."

ಇಂಥವಳ ಮೇಲೆ ಇನ್ನು ಹೊಟ್ಟೆಕಿಚ್ಚು ಪಡಬಾರದು ಎಂದು ನಾನು ಮನೆ ಮುಟ್ಟುವುದರೊಳಗೆ ತೀರ್ಮಾನಿಸಿದ್ದೆ. ಮನೆ ಮುಟ್ಟಿದ ಮೇಲೆ ಅದು ಕಷ್ಟವಾಯಿತು. ನಾನೇ ನಡೆದದ್ದನ್ನೆಲ್ಲ ಬಾಗಿಲಲ್ಲಿ ನಿಂತು ಹೇಳಿದೆ, ಮುಚ್ಚಿಟ್ಟರೆ ರಾತ್ರಿ ನಿದ್ದೆ ಬರುವ ಹಾಗಿರಲಿಲ್ಲ. ಹೇಳಿದ್ದೇ ತಪ್ಪಾಯಿತು. ಅತ್ತೆಯವರು ಕೊಟ್ರಿಯ ದೃಷ್ಟಿ ತೆಗೆದರು. ನಮ್ಮವರು, "ನನ್ನ ತಂಗಿ ನೋಡು, ಅತ್ತಿಗಿ ಸಲುವಾಗಿ ಬೆಲ್ಟ ಬಿಟ್ಟು ಬಂದಾಳ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಎದುರು ಮನೆಯವರು ಬಂದು ಅವಳ ಕೈಯಿಂದ ಆ ಕೈ ತೊಳೆಯುವ ಆಟ ಮೂರು ಸಲ ಮಾಡಿಸಿ ನಕ್ಕು ಹೋದರು. ನನ್ನ ಸೊಂಟದ ಕಿತ್ತಳೆ ಬೆಲ್ಟನ್ನು ಆ ದಿನ ಯಾರೂ ನೋಡಲಿಲ್ಲ. ಗೆದ್ದವಳು ನಾನು, ಸೋತು ದೊಡ್ಡ ಹೆಸರು ಪಡೆದವಳು ಅವಳು. ನಾನು ಹೊಡೆದುಹಾಕಿದ್ದ ಎರಡನೆಯ ಆಸೆ ಅಕ್ಷರ ಅಕ್ಷರವಾಗಿ ಈಡೇರಿತ್ತು, ಆದರೂ ಊಟ ಸೇರಲಿಲ್ಲ.

ನಿನ್ನೆ, ಅಂದರೆ ಶನಿವಾರ, ಕ್ಲಾಸಿಗೆ ಹೋದಾಗ ಮಾಸ್ತರ್ ಒಂದು ಹೊಸ ಸುದ್ದಿ ಹೇಳಿದರು. ಮುಂದಿನ ವಾರದಿಂದ ಎರಡು ಬ್ಯಾಚು. ಕಟಾದಲ್ಲಿ ಬೆಳೆಯಬೇಕೆನ್ನುವವರು ಶನಿವಾರ, ಕಾಳಗದಲ್ಲಿ ಬೆಳೆಯಬೇಕೆನ್ನುವವರು ಭಾನುವಾರ. ಒಬ್ಬರು ಒಂದಕ್ಕೆ ಮಾತ್ರ. ಮನೆಗೆ ಹೋಗುವ ಮೊದಲು ಒಂದೊಂದು ಚೀಟಿಯಲ್ಲಿ ಹೆಸರು, ವಾರ ಬರೆದು ಡಬ್ಬಿಗೆ ಹಾಕಿ ಹೋಗಬೇಕು. ಮಾಸ್ತರ್ ನನ್ನ ಹತ್ತಿರ ಬಂದು, "ಅಕ್ಕಾರ, ನಿಮಗ ಶನಿವಾರನ. ಆ ಬ್ಯಾಚಿಗೆ ನೀವ ಸೀನಿಯರ್" ಎಂದರು. ಎಂಥ ಮಾತು! ಮುಂದಿನ ಸಾಲು, ಮುಂದೆ ಯಾರೂ ಇಲ್ಲ, ಚಾಪೆ ಸುತ್ತುವವರು ಬೇರೆಯವರು, ಕೊಟ್ರಿ ಇನ್ನೊಂದು ದಿನ. ಜೋಡಿ ಇರಬೇಕೆಂಬ ಅತ್ತೆಯವರ ಷರತ್ತೂ ಈಗಿಲ್ಲ. "ನೀ ಒಬ್ಬಾಕಿ ಹೋಗು, ನಿನ್ನ ಮುಟ್ಟೋ ಧೈರ್ಯ ಯಾರಿಗೈತಿ, ಮಿಕ್ಸರ್ ಒಡದಾಕಿ" ಎಂದು ಅವರೇ ಹೇಳಿಯಾಗಿದೆ.

ಆದರೆ ಡೈರಿ ನೋಡದೆ ನಾನು ಏನನ್ನೂ ನಿರ್ಧರಿಸುವವಳಲ್ಲ. ಕುರ್ಚಿಗಳ ಅಟ್ಟಿಯ ಪಕ್ಕ ಕೂತು ಪುಟ ತಿರುವಿದೆ. ಪರೀಕ್ಷೆಯ ತನಕ ನಡೆದ ಕ್ಲಾಸು ಐವತ್ತೊಂದು. ನಾನು ಐವತ್ತೊಂದಕ್ಕೂ ಹಾಜರು. ಕೊಟ್ರಿ ನಲವತ್ತಮೂರು. ಉಳಿದ ಎಂಟು ದಿನ ಅವಳಿಗೆ ಕಾಲೇಜಿನ ಪರೀಕ್ಷೆಯೋ, ನೆಗಡಿಯೋ, ಗೆಳತಿಯ ಮದುವೆಯೋ ಇತ್ತು, ನನ್ನನ್ನು ನಮ್ಮವರು ಬೈಕಿನಲ್ಲಿ ಬಿಟ್ಟು ಬಂದಿದ್ದರು. ಪ್ರತಿ ದಿನ ನಾನು ಹಾಕಿದ ಒದೆತಗಳ ಲೆಕ್ಕ ಅಲ್ಲೇ ಇದೆ. ಇಷ್ಟು ದಿನ ಆ ಎರಡು ಕಾಲಂಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿರಲಿಲ್ಲ. ನೋಡಿದೆ. ಕೊಟ್ರಿ ಬಂದ ದಿನಗಳಲ್ಲಿ ನನ್ನ ಒದೆತ ಸರಾಸರಿ ನೂರನಲವತ್ತು. ಕೊಟ್ರಿ ಬಾರದ ಎಂಟು ದಿನಗಳಲ್ಲಿ ಎಪ್ಪತ್ತೆಂಟು. ಒಂದು ದಿನವಂತೂ ಮೂವತ್ತು ಹಾಕಿ, ತಲೆನೋವು ಎಂದು ಬರೆದು ಕೂತಿದ್ದೇನೆ. ನಾನು ಗುರುವನ್ನು ಹುಡುಕಿಕೊಂಡು ನಾಲ್ಕು ತಾಲ್ಲೂಕು ತಿರುಗಿದ್ದೆ. ನನಗೆ ಒದೆಯಲು ಕಲಿಸಿದ್ದು ಮಾಸ್ತರೂ ಅಲ್ಲ, ನೋಟ್‌ಬುಕ್ಕೂ ಅಲ್ಲ. ಮುಂದಿನ ಸಾಲಿನಲ್ಲಿ ಮುದ್ದೆಯಾದ ಬೆಲ್ಟು ಕಟ್ಟಿಕೊಂಡ ಆ ಬೆನ್ನು. ಅದನ್ನು ನೋಡಿ ಉರಿಯದಿದ್ದರೆ ನನ್ನ ಕಾಲು ಮೇಲೇಳುವುದಿಲ್ಲ.

ಚೀಟಿಯಲ್ಲಿ 'ನಾಗರತ್ನ, ಭಾನುವಾರ' ಎಂದು ಬರೆದು ಡಬ್ಬಿಗೆ ಹಾಕಿದೆ. ಬೆಲ್ಟಿನ ಬಣ್ಣ ಈಗ ಒಂದೇ ಆದರೂ ಕಾಳಗದಲ್ಲಿ ನನ್ನ ಮುಂದೆ ನಿಲ್ಲುವವಳು ಅವಳೇ. ಎದುರಿಗೆ ಮನುಷ್ಯರು ಬರುತ್ತಾರೆ, ಒದೆ ಬೀಳುತ್ತದೆ, ಬೀಳಲಿ. ದೊಡ್ಡ ತ್ಯಾಗ ಮಾಡಿದವಳ ಹಾಗೆ ಎದೆ ಉಬ್ಬಿತ್ತು. ಬಸ್ ನಿಲ್ದಾಣದ ಕಡೆ ನಡೆಯುತ್ತ ಕೊಟ್ರಿಗೆ ಹೇಳಿದೆ, "ನಾ ಭಾನುವಾರಕ್ಕ ಹೆಸರು ಕೊಟ್ಟೀನಿ."

ಅವಳು ನಡುರಸ್ತೆಯಲ್ಲಿ ನಿಂತಳು. "ಅಯ್ಯೋ ಅತ್ತಿಗಿ! ನಾ ಶನಿವಾರಕ್ಕ ಕೊಟ್ಟೀನಿ!"

"ನೀನಾ? ಕಟಾಕ್ಕಾ?"

"ಹೂಂ ಮತ್ತ. ಮೊನ್ನಿ ನಿಮ್ಮ ಕೂಡ ಅಡ್ಡಾಡಿದೆನಲ್ಲ, ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತ. ಒಂದ ಹೆಜ್ಜಿ ಹೆಚ್ಚಿಲ್ಲ, ಒಂದ ಹೆಜ್ಜಿ ಕಮ್ಮಿ ಇಲ್ಲ. ನಾ ಏಳು ಜನ್ಮ ಎತ್ತಿದ್ರೂ ನನಗ ಹಂಗ ಬರಂಗಿಲ್ಲ. ಭಾಳ ಹೊಟ್ಟಿಕಿಚ್ಚ ಆತ್ರಿ ನನಗ. ಅದಕ್ಕ ನಿಮ್ಮ ಹಿಂದ ನಿಂತು ಕಲೀಬೇಕಂತ ಶನಿವಾರ ಬರದೆ." ಹಾಗೆಂದು ನಕ್ಕಳು. ನಗುತ್ತ ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟಳು, ಮಿರ್ಚಿ ಅಂಗಡಿಯವನಿಗೆ ಎರಡು ಪ್ಲೇಟು ಹೇಳಿದಳು.

ಒಂಬತ್ತು ತಿಂಗಳಿಂದ ನಾನು ಯಾರಿಗೂ ಹೇಳದೆ, ತಾರೀಖು ಹಾಕಿ, ಕೆಲವನ್ನು ಹೊಡೆದುಹಾಕಿ, ಡೈರಿಯೊಳಗೆ ಬಚ್ಚಿಟ್ಟುಕೊಂಡು ಬಂದ ಮಾತನ್ನು ಆ ಹುಡುಗಿ ನಡುರಸ್ತೆಯಲ್ಲಿ, ಎರಡು ಪ್ಲೇಟು ಮಿರ್ಚಿಗಿಂತ ಮೊದಲು, ಬಾಯಿ ತುಂಬ ಹೇಳಿ ಮುಗಿಸಿದಳು. ಹೇಳಿದ ಮೇಲೆ ಹೊಟ್ಟೆಯಲ್ಲಿ ಏನೂ ಉಳಿದ ಹಾಗೆ ಕಾಣಲಿಲ್ಲ, ಏಕೆಂದರೆ ನನ್ನ ಪ್ಲೇಟಿನದೂ ಒಂದು ತಿಂದಳು. ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಈ ಲೋಕದಲ್ಲಿ ಅವಳೊಬ್ಬಳೇ. ಆ ಸಂತೋಷದಲ್ಲಿ ಒಂದು ನಿಮಿಷ ಇದ್ದೆ. ಆಮೇಲೆ, ಇವಳಿಗೆ ಇದು ಕೂಡ ನನಗಿಂತ ಚೆನ್ನಾಗಿ ಬರುತ್ತದಲ್ಲ ಎನಿಸಿತು. ಹೊಟ್ಟೆಕಿಚ್ಚಿನಲ್ಲಿಯೂ ಅವಳೇ ಮುಂದಿನ ಸಾಲು.

ಚಹಾದ ನೀರು ಎರಡು ಸಲ ಬತ್ತಿ ಮೂರನೆಯ ಸಲ ಇಟ್ಟಿದ್ದೇನೆ. ಈಗ ಉಳಿದಿರುವ ತೊಡಕು ಇಷ್ಟು. ಚೀಟಿಗಳು ಡಬ್ಬಿಯಲ್ಲಿವೆ, ಬದಲಾಯಿಸಲು ಬರುವ ಶನಿವಾರ ಸಂಜೆಯ ತನಕ ಅವಕಾಶವಿದೆ ಎಂದು ಮಾಸ್ತರ್ ಹೇಳಿದ್ದಾರೆ. ನಾನು ಬದಲಾಯಿಸಿ ಶನಿವಾರಕ್ಕೆ ಹೋದರೆ ಅವಳು ನನ್ನ ಪಕ್ಕದಲ್ಲೋ ಹಿಂದೆಯೋ ನಿಲ್ಲುತ್ತಾಳೆ, ನನ್ನ ಕಣ್ಣಿಗೆ ಅವಳ ಬೆನ್ನು ಕಾಣುವುದಿಲ್ಲ, ನನ್ನ ಲೆಕ್ಕ ಎಪ್ಪತ್ತೆಂಟಕ್ಕೆ ಇಳಿಯುತ್ತದೆ. ಅವಳು ಬದಲಾಯಿಸಿ ಭಾನುವಾರಕ್ಕೆ ಬಂದರೆ ಅವಳಿಗೆ ನನ್ನ ಕಟಾ ಕಾಣುವುದಿಲ್ಲ, ಅವಳ ಹೊಟ್ಟೆಕಿಚ್ಚು ಆರಿಹೋಗುತ್ತದೆ, ಅದು ಆರುವುದು ನನಗೆ ಇಷ್ಟವಿಲ್ಲ. ಎರಡೂ ಕಡೆಯ ಕಾಲಂ ಹಾಕಿ ನೋಡಿದೆ, ಹೊಂದುತ್ತಿಲ್ಲ. ಅತ್ತಿಗೆ ನಾದಿನಿಯರು ಒಟ್ಟಿಗೆ ಯಾವುದೇ ವಿದ್ಯೆ ಕಲಿತು, ಇಬ್ಬರೂ ಮುಂದೆ ಬಂದ ಮನೆ ಎಲ್ಲಿಯಾದರೂ ಇದ್ದರೆ, ಯಾರು ಯಾರ ಹಿಂದೆ ನಿಂತಿದ್ದರು, ಎಷ್ಟು ತಿಂಗಳು ನಿಂತಿದ್ದರು ಎಂದು ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು. ಶನಿವಾರದ ಒಳಗೆ ತಲುಪಿದರೆ ಉಪಕಾರ. ನೀವು ಬರೆದದ್ದು ನನ್ನದಕ್ಕಿಂತ ಚೆನ್ನಾಗಿದ್ದರೂ ತೊಂದರೆಯಿಲ್ಲ, ಅದಕ್ಕೂ ಡೈರಿಯಲ್ಲಿ ಜಾಗ ಬಿಟ್ಟಿದ್ದೇನೆ.